ಹೆಬ್ಬೆರಳಿಗೆ ಕೇಳುವ ಬೆಲ್ಲು

ನಾನು ಒಂದು ಸೈಕಲ್ ಬೆಲ್ಲು. ಹುಟ್ಟಾ ಅಂಜುಬುರುಕ. ಲೂಧಿಯಾನದ ಯಾವುದೋ ಕಾರ್ಖಾನೆಯಲ್ಲಿ ತಗಡನ್ನು ಬಟ್ಟಲಿನ ಹಾಗೆ ಒತ್ತಿ, ಹೊಳಪು ಕೊಟ್ಟು, ಹೊಟ್ಟೆಯೊಳಗೆ ಹಲ್ಲಿನ ಚಕ್ರ, ಸ್ಪ್ರಿಂಗು, ಎರಡು ಸಡಿಲ ಬಿಲ್ಲೆ ಇಟ್ಟು, ಆ ಬಟ್ಟಲನ್ನೇ ಮೇಲೆ ಮುಚ್ಚಳವಾಗಿ ತಿರುಗಿಸಿ ನನ್ನನ್ನು ಮಾಡಿದರು. ಪಕ್ಕದಲ್ಲಿ ಒಂದು ಸಣ್ಣ ಹಿಡಿ. ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಬಿಲ್ಲೆಗಳು ಗರಗರ ತಿರುಗಿ ಬಟ್ಟಲಿಗೆ ಬಡಿಯುತ್ತವೆ, ನಾನು ಕೂಗುತ್ತೇನೆ. ನಾನು ಕೂಗುವುದಾದರೂ ಏನನ್ನು? ಸರಿಯಿರಿ, ಸರಿಯಿರಿ, ಯಾರಿಗಾದರೂ ಪೆಟ್ಟಾದೀತು! ಬೇರೆ ಮಾತು ನನಗೆ ಬಾರದು. ಗಾಬರಿಯೇ ಕಸುಬಾದವನಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ರಟ್ಟಿನ ಡಬ್ಬಿಯಲ್ಲಿ ಕತ್ತಲೆ ನೋಡುತ್ತ ಹುಬ್ಬಳ್ಳಿಗೆ ಬಂದೆ. ಸೈಕಲ್ ಅಂಗಡಿಯಿಂದ ನನ್ನನ್ನು ಕೊಂಡವನು ಹುಸೇನಸಾಬ. ಅವನು ಸೈಕಲ್ ಹಿಂದೆ ದೊಡ್ಡ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೆಳಗಿನ ಚಹಾದ ಹೊತ್ತಿಗೆ ಓಣಿ ಓಣಿ ತಿರುಗಿ ಪಾವು, ಖಾರಿ, ಟೋಸ್ಟು ಮಾರುತ್ತಿದ್ದ. ಕೂಗಿ ಮಾರುವುದೆಂದರೆ ಅವನಿಗೆ ನಾಚಿಕೆ. ಆದ್ದರಿಂದ ಅವನ ಬಾಯಿ ನಾನೇ ಆದೆ. ಓಣಿಯ ತುದಿಯಲ್ಲಿ ನನ್ನನ್ನು ಬಾರಿಸಿದರೆ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು.

ಒಂದು ದಿನ ಎಮ್ಮೆಯೊಂದು ಸೈಕಲ್ಲಿಗೆ ಮೈ ತಿಕ್ಕಿತು. ಸೈಕಲ್ ಉರುಳಿ ನನ್ನ ತಲೆ ಕಲ್ಲಿನ ಕಟ್ಟೆಗೆ ಬಡಿಯಿತು. ಬಟ್ಟಲಿನ ಅಂಚಿನಲ್ಲಿ ಒಂದು ತಗ್ಗು ಬಿತ್ತು. ಅಂದಿನಿಂದ ನನ್ನ ದನಿಯೇ ಬೇರೆಯಾಯಿತು. ಟ್ರಿಣ್ ಎಂದು ಶುರುವಾದದ್ದು ಕೊನೆಯಲ್ಲಿ ಣ್ಯಾಂ ಎಂದು ಎಳೆಯುತ್ತದೆ. ಹುಸೇನಸಾಬ ನನ್ನನ್ನು ಬಿಚ್ಚಿ ಒಗೆಯುವವನಿದ್ದ. ತಡೆದವಳು ಆ ಓಣಿಯ ಕಸ್ತೂರಿ.

"ಸಾಬ್ರ, ಈ ಬೆಲ್ ತಗೀಬ್ಯಾಡ್ರಿ. ಒಲಿ ಮುಂದ ಕುಂತಿದ್ರೂ ನೀವ ಬಂದ್ರಿ ಅಂತ ತಿಳೀತೈತಿ," ಎಂದಳು.

ಕಸ್ತೂರಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಫಕ್ಕೀರಪ್ಪನ ಹೆಂಡತಿ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಹರಕೆ, ಡಾಕ್ಟರು, ಎಲ್ಲ ಮುಗಿದು, ಇನ್ನು ಆಗದು ಎಂದು ಕೈಬಿಟ್ಟ ಮೇಲೆ ಹುಟ್ಟಿದವಳು ಶಿವಲೀಲಾ. ಮನೆಯವರ ಬಾಯಲ್ಲಿ ಲೀಲಾ. ಆ ಕೂಸನ್ನು ಎತ್ತಿಕೊಂಡೇ ಕಸ್ತೂರಿ ದಿನವೂ ಬಾಗಿಲಿಗೆ ಬಂದು ಟೋಸ್ಟು ಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ನಡೆದದ್ದನ್ನು ಹೇಳದೆ ನನ್ನ ಕಥೆ ಮುಂದಕ್ಕೆ ಹೋಗುವುದಿಲ್ಲ. ಕಸ್ತೂರಿ ಕಟ್ಟೆಯ ಮೇಲೆ ನಿಂತಿದ್ದಳು. ಕೂಸಿನ ಮುಖ ಬೀದಿಯ ಆ ಕಡೆಗೆ ಇತ್ತು. ಹುಸೇನಸಾಬ ಅವರ ಪಕ್ಕದಲ್ಲೇ ನಿಂತು, ಎದುರುಮನೆಯವರಿಗಾಗಿ ನನ್ನನ್ನು ಬಾರಿಸಿದ. ಓಣಿಯ ಮಕ್ಕಳೆಲ್ಲ ತಿರುಗಿದವು. ಕಟ್ಟೆ ಕೆಳಗೆ ಮಲಗಿದ್ದ ನಾಯಿ ಕಿವಿ ನೆಟ್ಟಗೆ ಮಾಡಿತು. ಲೀಲಾ ತಿರುಗಲಿಲ್ಲ. ಕಸ್ತೂರಿಯ ಕೈಯಲ್ಲಿದ್ದ ಟೋಸ್ಟಿನ ಪುಡಿಕೆ ಹಾಗೇ ನಿಂತಿತು.

"ಇನ್ನೊಮ್ಮೆ ಹೊಡೀರಿ ಸಾಬ್ರ," ಎಂದಳು.

ಅವನು ಹೊಡೆದ. ಕೂಸು ಎದುರಿನ ಗೋಡೆಯ ಮೇಲಿನ ಬೆಕ್ಕನ್ನೇ ನೋಡುತ್ತಿತ್ತು. "ಜೋರ ಹೊಡೀರಿ," ಎಂದಳು. ನಾನು ಹೊಟ್ಟೆ ಹರಿಯುವಷ್ಟು ಕೂಗಿದೆ. ಹುಸೇನಸಾಬನ ಬೆರಳು ಸೋತಿತೇ ಹೊರತು ಕೂಸು ಕಣ್ಣು ಸಹ ಮಿಟುಕಿಸಲಿಲ್ಲ. ಆಸ್ಪತ್ರೆಯವರು ಅದನ್ನು ಹೇಳಿದ್ದು ಆಮೇಲೆ. ಮೊದಲು ಗೊತ್ತಾದದ್ದು ನನಗೆ. ಅಂದು ನನಗೆ ನನ್ನ ಹುಟ್ಟಿನ ಮೇಲೇ ಬೇಸರ ಬಂತು.

ವರ್ಷಗಳು ಕಳೆದವು. ಲೀಲಾಳ ಕಿವಿಗೆ ಮಷೀನು ಹಾಕಿ ನೋಡಿದರು, ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ತಾಯಿ ಮಗಳು ಕೈಸನ್ನೆಯಲ್ಲಿ ಮಾತು, ಜಗಳ, ಚಾಡಿ ಎಲ್ಲ ನಡೆಸುವಷ್ಟು ಪಳಗಿದರು. ಹುಸೇನಸಾಬನ ಮೊಣಕಾಲು ಸೋತು ಅವನು ವ್ಯಾಪಾರ ನಿಲ್ಲಿಸಿದ. ಸೈಕಲ್ ಗುಜರಿಗೆ ಹೋಗುವ ದಿನ ನನ್ನನ್ನು ಬಿಚ್ಚಿಕೊಂಡು ಕಸ್ತೂರಿಯ ಮನೆಗೆ ನಡೆದು ಬಂದ. ಫಕ್ಕೀರಪ್ಪ ಮಗಳಿಗೆ ಕೆಂಪು ಬಣ್ಣದ ಸಣ್ಣ ಸೈಕಲ್ ತಂದ ಸುದ್ದಿ ಅವನಿಗೆ ತಲುಪಿತ್ತು.

"ಕೂಸಿನ ಸೈಕಲ್ಲಿಗೆ ಹಾಕವಾ," ಎಂದ.

"ಆಕೀಗೆ ಎಲ್ಲಿ ಕೇಳತೈತ್ರಿ ಸಾಬ್ರ?"

"ಆಕೀಗೆ ಯಾಕ ಕೇಳಬೇಕು? ಮಂದಿಗೆ ಕೇಳಿದ್ರ ಸಾಕು."

ಹಾಗೆ ನಾನು ಲೀಲಾಳ ಪಾಲಾದೆ. ಅವಳಿಗಾಗ ಒಂಬತ್ತು ವರ್ಷ. ಮೊದಲ ಸಲ ಒತ್ತಿದಾಗ ಅವಳು ಥಟ್ಟನೆ ಬೆರಳು ಹಿಂದಕ್ಕೆಳೆದಳು. ಮತ್ತೆ ಮೆಲ್ಲಗೆ ಒತ್ತಿದಳು. ನನ್ನ ನಡುಕ ಹಿಡಿಯಿಂದ ಹೆಬ್ಬೆರಳಿಗೆ, ಹೆಬ್ಬೆರಳಿನಿಂದ ಮೊಣಕೈವರೆಗೆ ಹೋಯಿತು. ಅವಳ ಮುಖ ಅರಳಿತು. ಆಮೇಲೆ ಕೇಳಬೇಕೇ? ಸೈಕಲ್ ನಿಂತಿರಲಿ, ಓಡುತ್ತಿರಲಿ, ನನ್ನನ್ನು ಬಾರಿಸುವುದೇ ಬಾರಿಸುವುದು. ನಾನು ಸರಿಯಿರಿ ಎಂದು ಕೂಗಿದರೆ ಅವಳಿಗೆ ಅದು ಕಚಗುಳಿ. ನನ್ನ ಗಾಬರಿಯಿಂದ ಒಬ್ಬರಿಗೆ ಸಂತೋಷವಾಗಬಹುದೆಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಆದರೆ ಓಡಿಸುವುದು ಎಲ್ಲಿ? ಅಂಜಿಕೆಯಲ್ಲಿ ಕಸ್ತೂರಿ ನನಗಿಂತ ಒಂದು ಕೈ ಮೇಲು. ಬೀದಿಗೆ ಬಿಡುವ ಮಾತೇ ಇಲ್ಲ. ಹಿಂದಿನಿಂದ ಬಸ್ಸು ಬಂದರೆ ಕೂಸಿಗೆ ತಿಳಿಯುವುದು ಹೇಗೆ? ಭಾನುವಾರ ಬಂತೆಂದರೆ ಗಂಡ ಹೆಂಡತಿ ಟಂಟಂ ರಿಕ್ಷಾದ ಹಿಂದೆ ಸೈಕಲ್ ಹೇರಿಕೊಂಡು ಊರ ಸುತ್ತ ಜಾಗ ಹುಡುಕುತ್ತಿದ್ದರು. ರೈಲ್ವೆ ಕಾಲೊನಿಯ ಮೈದಾನಕ್ಕೆ ಹೋದರೆ ನಾಲ್ಕು ದಿಕ್ಕಿನಿಂದ ಕ್ರಿಕೆಟ್ ಚೆಂಡು. ಗುಲಾಬಿ ತೋಟವಿದ್ದ ದೊಡ್ಡ ಪಾರ್ಕಿನ ಬಾಗಿಲಲ್ಲೇ ‘ಸೈಕಲ್ ತರಬಾರದು’ ಎಂಬ ಫಲಕ. ಗುಡ್ಡದ ಮೇಲಿನ ಪಾರ್ಕಿನಲ್ಲಿ ಗಾಳಿ, ನೆರಳು, ಜೋಕಾಲಿ ಎಲ್ಲ ಚೆಂದ, ಇಳಿಜಾರು ಮಾತ್ರ ಕಸ್ತೂರಿಯ ಎದೆ ಒಡೆಯುವಂಥದ್ದು. ಲೀಲಾ ಒಂದೇ ಸಲ ಅಲ್ಲಿ ಇಳಿದಳು. ಕಸ್ತೂರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ಲಿನ ಹಿಂದೆ ಓಡಿದ್ದನ್ನು ಕಂಡು ಕಡಲೆ ಮಾರುವವನು ಕೈಯಲ್ಲಿದ್ದ ಪೊಟ್ಟಣ ಚೆಲ್ಲಿದ.

ಕೊನೆಗೆ ಸಿಕ್ಕಿದ್ದು ಹಿರೇಕೆರೆ. ಆಗಷ್ಟೇ ಹೂಳೆತ್ತಿ, ಸುತ್ತ ಬೇಲಿ ಹಾಕಿ, ದಂಡೆಯ ಗುಂಟ ನಡೆಯಲು, ಸೈಕಲ್ ಹೊಡೆಯಲು ಅಗಲವಾದ ಹಾದಿ ಮಾಡಿದ್ದರು. ಬಾಗಿಲಿಗೆ ಅಡ್ಡಗಂಬ ನೆಟ್ಟಿದ್ದರಿಂದ ಮೋಟರ್ ಸೈಕಲ್ಲು ಒಳಗೆ ನುಸುಳುವಂತಿರಲಿಲ್ಲ. ಬೇವಿನ ಮರಗಳ ಕೆಳಗೆ ಕಲ್ಲಿನ ಬೆಂಚು, ಮಕ್ಕಳಿಗೆ ಜಾರುಬಂಡೆ, ಹೊರಗೆ ಮಂಡಕ್ಕಿ ಗಿರ್ಮಿಟ್ಟು ಮಾರುವ ಗಾಡಿ. ಕಸ್ತೂರಿ ಆ ಕಂಬಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಗಟ್ಟಿಯಿವೆ ಎಂದು ಖಾತ್ರಿ ಮಾಡಿಕೊಂಡು ಮಗಳನ್ನು ಬಿಟ್ಟಳು. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತರೆ ಕೆರೆಯ ಆಚೆ ದಂಡೆಯ ಕೆಂಪು ಸೈಕಲ್ಲು ನೀರಿನ ಮೇಲಿಂದ ಕಾಣುತ್ತದೆ. ಒಂದು ಕಡೆ ಮಾತ್ರ ಬಿದಿರಿನ ಮೆಳೆ ಅಡ್ಡ ಬರುತ್ತದೆ. ಸೈಕಲ್ಲು ಮೆಳೆಯ ಹಿಂದೆ ಹೋದೊಡನೆ ಕಸ್ತೂರಿ ಎದ್ದು ನಿಲ್ಲುವಳು, ಹೊರಗೆ ಬಂದೊಡನೆ ಕೂರುವಳು. ಒಂದು ಸಂಜೆಗೆ ಎಷ್ಟು ಸಲ ಎದ್ದು ಕೂರುತ್ತಿದ್ದಳೋ, ಅವಳ ಮೊಣಕಾಲಿಗೇ ಗೊತ್ತು.

ಊರಿನಲ್ಲಿ ಲೀಲಾಳಿಗೆ ದಕ್ಕಿದ್ದ ಜಾಗ ಅದೊಂದೇ. ಅದಕ್ಕೂ ಕಲ್ಲು ಬಿತ್ತು, ಬಿದ್ದದ್ದು ನನ್ನಿಂದ.

ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುವ ಹಿರಿಯರ ಗುಂಪೊಂದಿತ್ತು. ಕೈ ಮೇಲೆತ್ತಿ ಹೋ ಹೋ ಎಂದು ಕೆರೆಯ ಬೆಳ್ಳಕ್ಕಿಗಳೆಲ್ಲ ಹಾರಿಹೋಗುವ ಹಾಗೆ ನಗುವುದು ಅವರ ವ್ಯಾಯಾಮ. ಅವರಿಗೆ ನನ್ನ ಸದ್ದು ಆಗಿಬರಲಿಲ್ಲ. ಒಂದು ಶನಿವಾರ ಗುಂಪಿನ ಮುಂದಾಳು ಹೊಸಮನಿ ಕಾಕಾ ಕಸ್ತೂರಿಯ ಬೆಂಚಿನ ಹತ್ತಿರ ಬಂದರು. ನಿವೃತ್ತ ಮಾಸ್ತರರು. ದನಿ ಇನ್ನೂ ತರಗತಿಯದೇ.

"ತಂಗೀ, ನಿಮ್ಮ ಹುಡುಗಿ ಸುಮ್ ಸುಮ್ನ ಬೆಲ್ ಹೊಡಕೋತ ತಿರಗತಾಳ. ನಾವೆಲ್ಲಾ ಬಿ.ಪಿ. ಇದ್ದ ಮಂದಿ. ಎದಿ ಧಸಕ್ಕ ಅಂತೈತಿ. ಸೈಕಲ್ಲ ಒಳಗ ಬಿಡಬ್ಯಾಡ್ರಿ ಅಂತ ಅರ್ಜಿ ಕೊಡೂಣು ಅನ್ನಾಕತ್ತಾರ ಎಲ್ಲಾರೂ. ನಾನ ತಡದೀನಿ. ಆ ಬೆಲ್ ಒಂದು ಬಂದ್ ಮಾಡ್ರಿ, ಅಷ್ಟ."

ಕೂಸಿಗೆ ಕಿವಿ ಕೇಳುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತೇನೋ. ಕಸ್ತೂರಿ ಹೇಳಲಿಲ್ಲ. ಹೇಳಿದೊಡನೆ ಜನ ಆಡುವ ಮುಂದಿನ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಅಯ್ಯೋ ಪಾಪ, ಮತ್ತ ಇಂಥಾ ಕೂಸಿಗೆ ಸೈಕಲ್ ಯಾಕ್ರಿ, ಮನ್ಯಾಗ ಕುಂದರಸ್ರಿ. ಆ ಮಾತನ್ನು ಇನ್ನೊಂದು ಸಲ ಕೇಳುವ ಶಕ್ತಿ ಅವಳಿಗಿರಲಿಲ್ಲ.

"ಆತ್ರಿ ಕಾಕಾ," ಎಂದಷ್ಟೇ ಅಂದಳು.

ಮನೆಗೆ ಬಂದು ಮಗಳಿಗೆ ಸನ್ನೆಯಲ್ಲಿ ತಿಳಿಸಿದಳು: ಬೆಲ್ ಬೇಡ, ಅಜ್ಜಂದಿರಿಗೆ ತ್ರಾಸು. ಲೀಲಾ ತಲೆಯಾಡಿಸಿದಳು. ಮರುಗಳಿಗೆಯಲ್ಲೇ ಪಡಸಾಲೆಯಲ್ಲಿ ನಿಂತ ಸೈಕಲ್ಲಿನ ಹತ್ತಿರ ಬಂದು ನನ್ನನ್ನು ಬಾರಿಸಿದಳು. ಅವಳಿಗೇನು ಗೊತ್ತು, ತನ್ನ ಬೆರಳಿನ ಕಚಗುಳಿ ಸದ್ದಾಗಿ ಕೆರೆಯ ಸುತ್ತ ಹೋಗುತ್ತದೆಂದು!

ಅವಳು ಮಲಗಿದ ಮೇಲೆ ಕಸ್ತೂರಿ ನನ್ನ ಮುಚ್ಚಳ ತಿರುಗಿಸಿ ಬಿಚ್ಚಿದಳು. ಹೊಲಿಗೆಯ ಡಬ್ಬಿಯಿಂದ ಖಣದ ಒಂದು ತುಂಡು ತೆಗೆದಳು. ಹಬ್ಬಕ್ಕೆ ತಾನೇ ಹೊಲಿದುಕೊಂಡಿದ್ದ ಕುಪ್ಪಸದಲ್ಲಿ ಉಳಿದದ್ದು, ಗಿಳಿಹಸಿರು ಮೈ, ಕೆಂಪು ದಡಿ. ಅದನ್ನು ಮಡಿಸಿ ನನ್ನ ಹೊಟ್ಟೆಯೊಳಗೆ ತುರುಕಲು ಶುರುಮಾಡಿದಳು.

"ಬಿಚ್ಚಿ ತಗದರ ಇಡು. ಒಳಗ ಯಾಕ ತುರಕ್ತಿ?" ಎಂದ ಫಕ್ಕೀರಪ್ಪ.

"ತಗದ್ರ ಅಳತಾಳ್ರೀ. ಹೆಂಗೂ ಆಕೀಗೆ ಕೇಳಂಗಿಲ್ಲ. ಸದ್ದು ಬಂತೋ ಇಲ್ಲೋ ಏನ ತಿಳೀತೈತಿ?"

ಫಕ್ಕೀರಪ್ಪ ನಾಳೆಯ ಪಾಳಿಯ ನೆನಪಾಗಿ ಮಲಗಿಬಿಟ್ಟ. ಮುಚ್ಚಳ ಬಿಗಿಯಾಯಿತು. ನಾನು ಉಸಿರು ಕಟ್ಟಿದವನ ಹಾಗೆ ಬೆಳಗಿನವರೆಗೆ ಕುಳಿತಿದ್ದೆ. ಕಸ್ತೂರಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವಳು ಮಗಳ ಜಾಗವನ್ನು ಉಳಿಸಲು ಹೊರಟಿದ್ದಳು. ಆದರೆ ಒಂಬತ್ತು ವರ್ಷ ಸಾಕಿದ ಮಗಳ ಬಗ್ಗೆ ಅವಳಿಗೆ ಒಂದು ಸಂಗತಿ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಹೇಳೋಣವೆಂದರೆ ನನ್ನ ಬಾಯಿಗೇ ಬಟ್ಟೆ.

ಮರುದಿನ ಭಾನುವಾರ. ಹಿರೇಕೆರೆಯಿಂದ ಗುಡ್ಡದ ಪಾರ್ಕಿನವರೆಗೆ, ಹಳ್ಳದ ಗುಂಟ ಹೊಸದಾಗಿ ಮಾಡಿದ ಸೈಕಲ್ ಹಾದಿ ಅಂದೇ ಸಂಜೆ ಶುರುವಾಗುವುದಿತ್ತು. ಬಲೂನು, ಬ್ಯಾಂಡು, ಊರಿನ ಮಕ್ಕಳೆಲ್ಲ ಅಲ್ಲೇ. ಅಪ್ಪಂದಿರು ಒಂದು ಕೈಯಲ್ಲಿ ಸೈಕಲ್ಲಿನ ಸೀಟು, ಇನ್ನೊಂದು ಕೈಯಲ್ಲಿ ಬುತ್ತಿ ಹಿಡಿದು ಓಡುತ್ತಿದ್ದರು. ಫಕ್ಕೀರಪ್ಪನಿಗೆ ಪಾಳಿ. ಕಸ್ತೂರಿ ಒಬ್ಬಳೇ ಮಗಳ ಹಿಂದೆ ನಡೆದಳು. ಪ್ರತಿ ಬೆಂಚಿನ ಹತ್ತಿರ ನಿಲ್ಲಬೇಕು, ಅವ್ವ ಬಂದ ಮೇಲೆ ಮುಂದೆ ಹೋಗಬೇಕು ಎಂದು ಸನ್ನೆಯಲ್ಲಿ ಮಾತಾಗಿತ್ತು.

ಸ್ವಲ್ಪ ದೂರ ಹೋಗಿ ಲೀಲಾ ನನ್ನ ಹಿಡಿ ಒತ್ತಿದಳು. ಒಳಗೆ ಬಿಲ್ಲೆಗಳು ಬಟ್ಟೆಯಲ್ಲಿ ಹೂತು ಟಕ್ ಎಂದು ಸತ್ತವು. ಅವಳ ಹುಬ್ಬು ಗಂಟಾಯಿತು. ಮತ್ತೆ ಒತ್ತಿದಳು. ಅಂಗೈಯಿಂದ ನನ್ನ ತಲೆಯನ್ನು ಮುಟ್ಟಿ ನೋಡಿದಳು, ಜ್ವರ ಬಂದ ಮಗುವನ್ನು ಮುಟ್ಟುವ ಹಾಗೆ. ಮುಂದೆ ನಡೆಯುತ್ತಿದ್ದವರು ಯಾರೂ ಸರಿಯಲಿಲ್ಲ. ದಿನವೂ ಸರಿಯುತ್ತಿದ್ದ ಬೆನ್ನುಗಳು ಇಂದು ಗೋಡೆಯಾಗಿದ್ದವು. ಹಿಂದಿನಿಂದ ದೊಡ್ಡ ಹುಡುಗರ ಸೈಕಲ್ಲುಗಳು ಬೆಲ್ಲು ಬಾರಿಸುತ್ತ ಬಂದವು. ನನಗೆ ಕೇಳಿತು. ಅವಳಿಗೆ ಹೇಳಲಾರದೆ ಒದ್ದಾಡಿದೆ. ಒಬ್ಬನ ಮುಂದಿನ ಗಾಲಿ ನಮ್ಮ ಹಿಂದಿನ ಗಾಲಿಗೆ ತಾಗಿತು.

"ಏ, ಕಿವಿ ಕೇಳಂಗಿಲ್ಲೇನ?" ಎಂದು ಅವನು ಬೈದುಕೊಂಡು ಹೋದ.

ಲೀಲಾ ಹಿಂದೆ ನೋಡಿದಳು. ಅವ್ವ ಕಾಣಲಿಲ್ಲ. ಕಸ್ತೂರಿಯ ಚಪ್ಪಲಿಯ ಪಟ್ಟಿ ಕಿತ್ತು, ಅವಳು ಗದ್ದಲದ ಹಿಂದೆಲ್ಲೋ ಉಳಿದಿದ್ದಳು. ಬೆಂಚು ಬಂತು, ಅದರ ತುಂಬ ಬುತ್ತಿ ಬಿಚ್ಚಿದ ಸಂಸಾರ. ನಿಲ್ಲಲು ಜಾಗವಿಲ್ಲ, ಹಿಂದಿನಿಂದ ನೂಕು. ಎಡಕ್ಕೆ ಇನ್ನೂ ಕೆಲಸ ಮುಗಿಯದ ಒಂದು ಕವಲು ಹಾದಿ. ಅಡ್ಡ ಇಟ್ಟಿದ್ದ ಬಿದಿರಿನ ಗಳವನ್ನು ಯಾರೋ ಸರಿಸಿದ್ದರು. ಖಾಲಿ ಹಾದಿ, ಒಬ್ಬರೂ ಅಡ್ಡವಿಲ್ಲ. ಬೆಲ್ಲೇ ಬೇಕಿಲ್ಲದ ಹಾದಿ. ಬೆಲ್ಲು ಸತ್ತ ಮಗು ಇನ್ನೆಲ್ಲಿಗೆ ಹೋದೀತು? ಲೀಲಾ ಅಲ್ಲಿಗೇ ತಿರುಗಿದಳು.

ತಿರುವು ದಾಟಿದ ಮೇಲೆ ಹಾದಿ ಮುಗಿದು ಮುರುಮು ಮಣ್ಣಿನ ಗುಡ್ಡೆ ಬಂತು. ಚಕ್ರ ಜಾರಿತು. ನಾವು ಮೂವರೂ, ಅವಳು, ಸೈಕಲ್ಲು, ನಾನು, ದಿಬ್ಬದಿಂದ ಉರುಳಿ ಹಳ್ಳದ ಅಂಚಿನ ಬಳ್ಳಾರಿ ಜಾಲಿಯ ಪೊದೆಯೊಳಗೆ ಬಿದ್ದೆವು. ಅವಳ ಕಾಲು ಸೈಕಲ್ಲಿನ ಕೆಳಗೆ ಸಿಕ್ಕಿ ಊದತೊಡಗಿತು. ಸುತ್ತ ಮುಳ್ಳು. ಮೇಲಿನ ಹಾದಿಯಿಂದ ನೋಡಿದರೆ ಬರೀ ಹಸಿರು ಪೊದೆ ಕಾಣುತ್ತದೆ, ಕೆಂಪು ಸೈಕಲ್ಲಲ್ಲ. ಹೊತ್ತು ಮುಳುಗುತ್ತಿತ್ತು.

ಆಮೇಲೆ ನನಗೆ ಕಸ್ತೂರಿಯ ದನಿ ಕೇಳಿಸಿತು.

"ಲೀಲಾ! ಲೀಲಾ!"

ಮೇಲಿನ ಹಾದಿಯಲ್ಲಿ ಆ ದನಿ ಹತ್ತಿರ ಬಂತು, ದಾಟಿ ಹೋಯಿತು, ಮತ್ತೆ ಬಂತು. ಲೀಲಾ ಮುಳ್ಳಿನಿಂದ ಬಟ್ಟೆ ಬಿಡಿಸಿಕೊಳ್ಳುತ್ತ ಅಳುತ್ತಿದ್ದಳು, ಸದ್ದಿಲ್ಲದೆ. ಅವ್ವ ತಲೆಯ ಮೇಲೆಯೇ ಇದ್ದಾಳೆ ಎಂದು ತಿಳಿದಿದ್ದವನು ನಾನೊಬ್ಬನೇ. ನನ್ನ ಜೀವಮಾನದಲ್ಲಿ ಅಷ್ಟು ಸಂಕಟ ನಾನು ಪಟ್ಟಿಲ್ಲ. ಯಾರೋ ಓಡಿ ಬಂದ ಸದ್ದು. ಹೊಸಮನಿ ಕಾಕಾರ ದನಿ ಗುರುತು ಸಿಕ್ಕಿತು.

"ಏನಾತ ತಂಗಿ? ಹುಡುಗಿ ತಪ್ಪಿಸಿಕೊಂಡಾಳೇನು? ನೀ ಅಳಬ್ಯಾಡ, ನಾವೆಲ್ಲಾ ಕೂಡಿ ಒದರ್ತೀವಿ. ಕೇಳಿದ ಕೂಡ್ಲೇ ಬರ್ತಾಳ."

"ಆಕೀಗೆ ಕೇಳಂಗಿಲ್ರೀ ಕಾಕಾ! ಹುಟ್ಟಿದಾಗಿಂದ ಕೇಳಂಗಿಲ್ಲ!"

ಕಾಕಾರ ಹೆಜ್ಜೆ ಗಕ್ಕನೆ ನಿಂತಿತು.

"ಮತ್ತ ನೀ ಯಾಕವಾ ಒದರಾಕತ್ತಿ?"

"ಮತ್ತೇನ್ ಮಾಡ್ಲ್ರೀ ನಾ?"

ಮಾಸ್ತರರ ದನಿ ಏರಿತು: "ತಡಿ ತಡಿ. ಆಕಿ ಬೆಲ್ ಹೊಡೀತಾಳಲ್ಲ? ಯಾವಾಗ್ಲೂ ಹೊಡೀತಾಳ. ಎಲ್ಲಾರೂ ಬಾಯಿ ಮುಚ್ಚಿ ನಿಂದರ್ರಿ, ಕೇಳೂಣು."

ಕಸ್ತೂರಿ ನೆಲಕ್ಕೆ ಕುಕ್ಕರಿಸಿದ ಸದ್ದು ಕೇಳಿತು. "ನೀವು ಹೇಳಿದ್ರಂತ ಅದರಾಗ ಅರಿವಿ ತುರಕೀನ್ರೀ ಕಾಕಾ," ಎಂದಳು. "ನನ್ನ ಕೈಯಾರೆ ತುರಕೀನಿ."

ಕೆಳಗೆ ಪೊದೆಯಲ್ಲಿ ಲೀಲಾ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಒತ್ತಿದಳು. ಟಕ್. ಬೆರಳಿಗೆ ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿ, ತಲೆ ವಾರೆ ಮಾಡಿ ಯೋಚಿಸಿದಳು. ಆಮೇಲೆ ಎರಡೂ ಕೈಯಿಂದ ನನ್ನ ಮುಚ್ಚಳ ಹಿಡಿದು ತಿರುಗಿಸತೊಡಗಿದಳು. ನಾನು ಮನಸ್ಸಿನಲ್ಲೇ, ಹೌದವ್ವಾ, ಹಾಗೇ, ಇನ್ನೊಂದು ಸುತ್ತು, ಎನ್ನುತ್ತಿದ್ದೆ. ಮುಚ್ಚಳ ಬಂತು. ಒಳಗಿನಿಂದ ಗಿಳಿಹಸಿರಿನ ಖಣ ಹೊರಗೆ ಬಂತು.

ಅವಳು ಅದನ್ನು ಬಿಡಿಸಿ ನೋಡಿದಳು. ಕೆಂಪು ದಡಿಯ ಮೇಲೆ ಬೆರಳಾಡಿಸಿದಳು. ಆ ಕುಪ್ಪಸ ತೊಟ್ಟ ಅವ್ವನ ತೊಡೆಯ ಮೇಲೆ ಕುಳಿತು ಅವಳು ಹಬ್ಬದ ಊಟ ಮಾಡಿದ್ದಳು. ಯಾರ ಕೈಕೆಲಸವಿದು ಎಂದು ತಿಳಿಯಲು ತಡವಾಗಲಿಲ್ಲ. ಅವಳ ಅಳು ನಿಂತಿತು, ಮುಖ ಬಿಗಿಯಾಯಿತು. ಖಣವನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದು ಸುಮ್ಮನೆ ಕುಳಿತುಬಿಟ್ಟಳು. ಮುನಿಸಿಕೊಂಡಳೇ? ಇನ್ನು ಬಾರಿಸುವುದೇ ಇಲ್ಲವೇ? ಮೇಲೆ ಜನ ಉಸಿರು ಹಿಡಿದು ನಿಂತಿದ್ದಾರೆ. ಎಷ್ಟು ಹೊತ್ತು ನಿಂತಾರು? ಇನ್ನೊಂದು ಕಡೆ ಹುಡುಕಲು ಹೊರಟುಬಿಟ್ಟರೆ?

ಲೀಲಾ ಮುಚ್ಚಳವನ್ನು ನನ್ನ ಮೇಲೆ ಇಟ್ಟು ತಿರುಗಿಸಿದಳು. ಸೊಟ್ಟಗೆ ಕೂತಿತು. ಬಿಚ್ಚಿ ಮತ್ತೆ ಕೂರಿಸಿದಳು. ಹೆಬ್ಬೆರಳಿಟ್ಟು ಒತ್ತಿದಳು.

ಟ್ರಿಣ್... ಣ್ಯಾಂ!

ಅವಳ ಮೊಣಕೈವರೆಗೆ ನಾನು ನಡುಗಿದೆ. ಅವಳು ಬಿಡಲಿಲ್ಲ, ಒತ್ತಿದ್ದೇ ಒತ್ತಿದ್ದು. ಮೇಲಿನಿಂದ ಯಾರೋ, ಅಲ್ಲಿ ಪಾರ್ಕಿನ ಕಡೆ ಬೆಲ್ ಆಗಾಕತ್ತೈತಿ ಎಂದರು. ಆ ಸಂಜೆ ಊರಿನ ನೂರಾರು ಸೈಕಲ್ಲುಗಳು ಹಾದಿಯ ಮೇಲಿದ್ದವಲ್ಲ! ಆದರೆ ಕಸ್ತೂರಿ ಚೀರಿದಳು.

"ಅದಲ್ರೀ, ಇದು! ಕೆಳಗ! ಇದು ಹುಸೇನಸಾಬ್ರ ಬೆಲ್!"

ಜಾಲಿಯ ಮುಳ್ಳನ್ನು ಬರಿಗೈಯಲ್ಲಿ ಸರಿಸಿ, ಬರಿಗಾಲಲ್ಲಿ ಜಾರಿಕೊಂಡು ಅವಳು ಇಳಿದು ಬಂದಳು. ಹಿಂದೆ ಹೊಸಮನಿ ಕಾಕಾ, ಬಿ.ಪಿ.ಯನ್ನು ಮರೆತು. ಅವ್ವನನ್ನು ಕಂಡು ಲೀಲಾ ತಬ್ಬಿಕೊಳ್ಳಲಿಲ್ಲ. ಮುಷ್ಟಿ ಬಿಚ್ಚಿ ಖಣವನ್ನು ಮುಂದೆ ಹಿಡಿದಳು. ಕಸ್ತೂರಿ ಅದನ್ನು ನೋಡಿದಳು. ಆಮೇಲೆ ಮಗಳ ಹೆಬ್ಬೆರಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ನನ್ನ ಹಿಡಿಯ ಮೇಲೆ ಇಟ್ಟು, ತಾನೇ ಒತ್ತಿಸಿದಳು. ಆಗ ಲೀಲಾ ಬಿಕ್ಕಿ ಬಿಕ್ಕಿ ಅತ್ತಳು. ಹೊಸಮನಿ ಕಾಕಾ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಕಾಲು ನೆಟ್ಟಗಾದ ಮೇಲೆ ನಾವು ಮತ್ತೆ ಹಿರೇಕೆರೆಗೆ ಹೋದೆವು. ಹೊಸಮನಿ ಕಾಕಾ ಈಗ ಇನ್ನೊಂದು ಕಾಟ ಶುರುಮಾಡಿದ್ದರು. ನನ್ನ ದನಿ ದೂರದಲ್ಲಿ ಕೇಳಿದರೆ ಸಾಕು, "ಸರೀರಿ, ಸರೀರಿ, ನಮ್ಮ ಹುಡುಗಿ ಬಂದ್ಳು," ಎಂದು ವಾಕಿಂಗಿನವರನ್ನೆಲ್ಲ ಬೇಲಿಗೆ ನೂಕುತ್ತಿದ್ದರು. ನನ್ನ ಕೆಲಸವನ್ನು ಅವರೇ ಮಾಡಿದರೆ ನಾನು ಯಾಕೆ? ಕಸ್ತೂರಿ ಬೆಂಚಿನ ಮೇಲೆ ಕಿವಿ ತೆರೆದು ಕೂರುತ್ತಿದ್ದಳು. ಸೈಕಲ್ಲು ಬಿದಿರಿನ ಮೆಳೆಯ ಹಿಂದೆ ಹೋದಾಗ ಲೀಲಾ ನನ್ನನ್ನು ಬಿಡದೆ ಬಾರಿಸುವಳು, ಇವಳು ಎದ್ದು ನಿಲ್ಲುವುದನ್ನು ಬಿಟ್ಟಳು.

ಲೀಲಾ ಬೆಳೆದಳು. ಕೆಂಪು ಸೈಕಲ್ಲು ಯಾರ ಮನೆಗೋ ಹೋಯಿತು, ನಾನು ಅವಳ ದೊಡ್ಡ ಸೈಕಲ್ಲಿಗೆ ಏರಿದೆ. ಅವಳು ಓದಿದ ಶಾಲೆಯಲ್ಲೇ ಚಿತ್ರಕಲೆಯ ಟೀಚರಾದಳು. ಭಾನುವಾರ ಆ ಮಕ್ಕಳನ್ನು ಸಾಲಾಗಿ ಸೈಕಲ್ಲಿನ ಮೇಲೆ ಕರೆದುಕೊಂಡು ಕೆರೆಯಿಂದ ಗುಡ್ಡದ ಪಾರ್ಕಿಗೆ ಹೋಗುತ್ತಾಳೆ. ಪ್ರತಿ ಸೈಕಲ್ಲಿಗೂ ಬೆಲ್ಲು ಇದೆಯೇ ಎಂದು ಹೊರಡುವ ಮೊದಲು ಹೆಬ್ಬೆರಳಿಟ್ಟು ಪರೀಕ್ಷಿಸುತ್ತಾಳೆ. ಅಷ್ಟರಲ್ಲಿ ಗೇರಿನ ಸೈಕಲ್ಲು ಬಂತು, ಅದಕ್ಕೆ ಬಟಾಣಿಯಷ್ಟಿರುವ ಹೊಸ ಬೆಲ್ಲು. ನಾನು ಕಿಟಕಿಯ ಕಟ್ಟೆ ಸೇರಿದೆ. ಎಣ್ಣೆಯ ಡಬ್ಬಿ, ತುಕ್ಕು ಮೊಳೆಗಳ ಸಹವಾಸ. ವಯಸ್ಸಾದವನು ಇನ್ನೇನು ಕೇಳಬೇಕು ಎಂದು ಸುಮ್ಮನಿದ್ದೆ. ಆದರೂ ಹೊರಗೆ ಬಸ್ಸಿನ ಹಾರ್ನು ಕೇಳಿದರೆ ಒಳಗಿನ ಬಿಲ್ಲೆ ಅಲುಗುತ್ತಿತ್ತು.

ಆ ಕಿಟಕಿಯಿಂದಲೇ ನಾನು ಇನ್ನೊಂದನ್ನು ಗಮನಿಸಿದೆ. ಕುಕ್ಕರು ಕೂಗಿದರೆ ಕಸ್ತೂರಿ ಏಳುತ್ತಿರಲಿಲ್ಲ. ಫಕ್ಕೀರಪ್ಪ ಟಿ.ವಿ. ಮುಂದಿನಿಂದ ಎರಡು ಸಲ ಕರೆದರೆ, "ಏನಂದ್ರಿ?" ಎನ್ನುತ್ತಿದ್ದಳು. ಮೊದಲಿನ ಹಾಗೆ ಈ ಸಲವೂ ಮೊದಲು ಗೊತ್ತಾದದ್ದು ನನಗೇ. ಮನೆಯವರಿಗೆ ಗೊತ್ತಾದದ್ದು ಕೆರೆ ದಂಡೆಯಲ್ಲಿ. ಕೋಲೂರಿಕೊಂಡು ನಡೆಯುತ್ತಿದ್ದ ಅವಳ ಹಿಂದಿನಿಂದ ಬಂದ ಸೈಕಲ್ಲಿನ ಬೆಲ್ಲು ಅವಳಿಗೆ ಕೇಳಲಿಲ್ಲ. ಹ್ಯಾಂಡಲು ತಾಗಿ ಬಿದ್ದು ಮೊಣಕೈ ತರಚಿಕೊಂಡು ಬಂದಳು. ಇನ್ನು ಮೇಲೆ ಕೆರೆಗೆ ಹೋಗುವುದೇ ಬೇಡ ಎಂದು ಫಕ್ಕೀರಪ್ಪ ಹಟ ಹಿಡಿದ. ಕಸ್ತೂರಿ ಮೂಲೆಯಲ್ಲಿ ಕುಳಿತು ಗೋಡೆ ನೋಡತೊಡಗಿದಳು.

ಲೀಲಾ ಶಾಲೆಯಿಂದ ಬಂದು ಅವ್ವನ ಮೊಣಕೈ ನೋಡಿದಳು. ಅವಳ ಕಣ್ಣಿನಲ್ಲಿ ಅಂದು ನಾನು ಕಂಡದ್ದು ಹಳೆಯ ಕಸ್ತೂರಿಯ ಅಂಜಿಕೆಯನ್ನೇ. ಆದರೆ ಅವಳು ಅವ್ವನನ್ನು ಮನೆಯಲ್ಲಿ ಕೂರಿಸಲಿಲ್ಲ. ಕಿಟಕಿಗೆ ಬಂದು, ನನ್ನ ಧೂಳು ಒರೆಸಿ, ಎಣ್ಣೆ ಬಿಟ್ಟು, ನನ್ನನ್ನು ಅವ್ವನ ಊರುಗೋಲಿಗೆ ಕಟ್ಟಲು ನೋಡಿದಳು. ಸೈಕಲ್ಲಿನ ಹ್ಯಾಂಡಲಿಗೆ ಮಾಡಿದ ಪಟ್ಟಿ, ಕೋಲು ಸಣ್ಣ. ನಾನು ಗಿರ್ರನೆ ಸುತ್ತತೊಡಗಿದೆ. ಲೀಲಾ ಒಳಗೆ ಹೋಗಿ ತನ್ನ ಪೆಟ್ಟಿಗೆಯಿಂದ ಏನೋ ತಂದಳು. ಬಣ್ಣ ಮಾಸಿದ ಗಿಳಿಹಸಿರು, ಕೆಂಪು ದಡಿ. ಅದನ್ನು ಕೋಲಿಗೆ ಸುತ್ತಿ, ಮೇಲೆ ನನ್ನನ್ನು ಕೂರಿಸಿ, ಸ್ಕ್ರೂ ಬಿಗಿ ಮಾಡಿದಳು. ನಾನು ಅಲ್ಲಾಡದೆ ನಿಂತೆ.

"ಇದನ್ನ ಇನ್ನೂ ಇಟಗೊಂಡೀಯಾ?" ಎಂದಳು ಕಸ್ತೂರಿ.

ಲೀಲಾ ಅವಳ ತುಟಿಯನ್ನು ಓದಿ ನಕ್ಕಳು. ಅವ್ವನ ಹೆಬ್ಬೆರಳನ್ನು ಹಿಡಿದು ನನ್ನ ಹಿಡಿಯ ಮೇಲೆ ಇಟ್ಟು ಒತ್ತಿಸಿದಳು. ನಾನು ಕೂಗಿದೆ. ಕಸ್ತೂರಿಗೆ ಅರ್ಧಂಬರ್ಧ ಕೇಳಿತೋ ಇಲ್ಲವೋ, ಅವಳು ತನ್ನ ಬೆರಳನ್ನೇ ನೋಡುತ್ತ ಕುಳಿತಳು. ಮತ್ತೆ ಒತ್ತಿದಳು.

"ಅಯ್ಯ, ಇದು ಬೆರಳಿಗೆ ಬರತೈತಲ್ಲ!" ಎಂದಳು. "ಇಷ್ಟ ವರ್ಷ ನಾ ಇದನ್ನ..." ಎನ್ನುತ್ತ ಕೋಲಿಗೆ ಸುತ್ತಿದ ಖಣವನ್ನು ಮುಟ್ಟಿದಳು.

ಈಗ ನಾನು ಹಿರೇಕೆರೆಯ ದಂಡೆಯಲ್ಲಿ ಕೋಲಿನ ಮೇಲೆ ಸವಾರಿ ಮಾಡುತ್ತೇನೆ. ಲೀಲಾ ಮಕ್ಕಳ ಸಾಲಿನ ಮುಂದೆ ಸೈಕಲ್ಲಿನಲ್ಲಿ ಹೋಗುತ್ತ, ತಿರುವು ಬಂದಾಗಲೆಲ್ಲ ತಿರುಗಿ ಅವ್ವ ಕಾಣುತ್ತಾಳೆಯೇ ಎಂದು ನೋಡುತ್ತಾಳೆ. ಬಿದಿರಿನ ಮೆಳೆಯ ಹತ್ತಿರ ಅವಳು ಸೈಕಲ್ಲು ನಿಲ್ಲಿಸಿ ಕಾಯುವುದನ್ನು ನಾನು ಕಂಡಿದ್ದೇನೆ. ಕಸ್ತೂರಿ ಬೆಂಚಿನ ಮೇಲೆ ಕುಳಿತಾಗಲೂ ನನ್ನನ್ನು ಬಾರಿಸುತ್ತಲೇ ಇರುತ್ತಾಳೆ. ಮೊನ್ನೆ ಓಡುತ್ತ ಹೋಗುತ್ತಿದ್ದ ಒಬ್ಬ ಯುವಕ ಬೆಚ್ಚಿ ನಿಂತು, "ಅಜ್ಜೀ, ಯಾರೂ ಅಡ್ಡ ಇಲ್ಲಲ್ರೀ, ಸುಮ್ ಸುಮ್ನ ಯಾಕ ಹೊಡೀತೀರಿ?" ಎಂದ. ತಾಯಿಗೂ ಕೇಳಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ಮಗಳಿಗೂ ಕೇಳಲಿಲ್ಲ. ಹೊಸಮನಿ ಕಾಕಾ ಇದ್ದಿದ್ದರೆ ಅವನನ್ನು ಬೇಲಿಗೆ ನೂಕುತ್ತಿದ್ದರು. ಅವರು ತೀರಿಕೊಂಡು ಬಹಳ ದಿನವಾಯಿತು.

ನನ್ನ ಹೊಳಪು ಹೋಗಿದೆ, ಹಲ್ಲುಗಳು ಸವೆದಿವೆ. ಸ್ಪ್ರಿಂಗು ಈಗ ಒತ್ತಿದಾಗಲೆಲ್ಲ ಕಿರುಗುಟ್ಟುತ್ತದೆ. ಇಂದು ತುಂಡಾಗುತ್ತದೋ, ನಾಳೆಯೋ, ತುಂಡಾದರೆ ಇವರ ಗತಿ ಏನು ಎಂದು ನನಗೆ ಹೆದರಿಕೆ ತಪ್ಪಿದ್ದಲ್ಲ. ಎಷ್ಟಾದರೂ ನಾನು ಹುಟ್ಟಾ ಅಂಜುಬುರುಕ. ಹೊಟ್ಟೆಯೊಳಗೆ ಉಸಿರು ಕಟ್ಟಿಸಿದ್ದ ಖಣ ಈಗ ಕಾಲ ಕೆಳಗೆ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ, ಅದೊಂದು ಧೈರ್ಯ. ಹೀಗೆ ಚಿಂತೆ ಮಾಡುತ್ತಿರುವಾಗಲೇ ಕಸ್ತೂರಿಯ ಹೆಬ್ಬೆರಳು ಬರುತ್ತದೆ, ಅದರ ಮೇಲೆ ಲೀಲಾಳ ಹೆಬ್ಬೆರಳು. ಹಾದಿಯಲ್ಲಿ ಯಾರೂ ಅಡ್ಡವಿಲ್ಲ. ಇಬ್ಬರೂ ಸುಮ್ಮನೆ ಒತ್ತುತ್ತಾರೆ.